ತಾಂಡಾ ಮಕ್ಕಳು ಒಂದನೇ ತರಗತಿಯಲ್ಲಿ ಬಾಯಿ ಬಿಡಲ್ಲ, ದೀಪಾವಳಿ ಮುಗಿದರೆ ಗುಳೆ: ಎಸ್‌ಡಿಎಂಸಿ ಏನು ಮಾಡಬಹುದು?

ಹಳ್ಳಿಶಾಲೆ ಕೇಳಿದ್ದು:

ವಿಜಯಪುರ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಪಕ್ಕದ ಎರಡು ಲಂಬಾಣಿ ತಾಂಡಾಗಳಿಂದ ಬರುತ್ತಾರೆ. ಮನೆಯಲ್ಲಿ ಲಂಬಾಣಿ ಮಾತಾದ ಗೋರ್ ಬೋಲಿ, ಶಾಲೆಯಲ್ಲಿ ಕನ್ನಡ. ಶಿಕ್ಷಕರಲ್ಲಿ ಯಾರಿಗೂ ಆ ಮಾತು ಬರುವುದಿಲ್ಲ. ಒಂದನೇ ತರಗತಿಯ ತಾಂಡಾ ಮಕ್ಕಳು ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತಾರೆ. ಸ್ವಲ್ಪ ಹಿಡಿತ ಸಿಕ್ಕಿತು ಅನ್ನುವಷ್ಟರಲ್ಲಿ ಕಬ್ಬು ಕಡಿಯಲು ಅಪ್ಪ ಅವ್ವನ ಜೊತೆ ಹೊರಟುಬಿಡುತ್ತಾರೆ. ಸಂತ ಸೇವಾಲಾಲ್ ಜಯಂತಿಗೆ ಒಂದು ಕುಣಿತ ಮಾಡಿಸುವುದು ಬಿಟ್ಟರೆ ಶಾಲೆಗೂ ತಾಂಡಾಕ್ಕೂ ಬೇರೆ ಸಂಬಂಧವಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಊರವರು ಸೇರಿ ಈ ವರ್ಷ ಏನಾದರೂ ಗಟ್ಟಿಯಾಗಿ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?

ನಲಿಕಲಿ ಟೀಚರ್:

ಮೊದಲು ಭಾಷೆ. ಒಂದರಿಂದ ಮೂರನೇ ತರಗತಿಗೆ ಕಾರ್ಡ್‌ಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಇಂದ. ಬರೆಯಲು ಸುಲಭವೆಂದು ಆ ಕ್ರಮ, ಅದು ಸರಿಯೇ. ಆದರೆ ಅವುಗಳಿಂದ ಹುಟ್ಟುವ ಪದಗಳು ಅರಸ, ಸರ, ಗರಗಸ. ಗೋರ್ ಬೋಲಿ ಆಡುವ ಮಗುವಿಗೆ ಅರಸ ಅಂದರೆ ಏನೆಂದು ಗೊತ್ತಿಲ್ಲ. ಅಕ್ಷರ ಕೂಡಿಸಿ ಓದುತ್ತದೆ, ಅರ್ಥ ಆಗುವುದಿಲ್ಲ. ಕಾರ್ಡ್ ಮೇಲೆ ಕಾರ್ಡ್ ದಾಟಿಸಿದ ಮೇಲೂ ಮೂರನೇ ತರಗತಿಗೆ ಬಂದಾಗ ಒಂದು ವಾಕ್ಯ ಸ್ವಂತವಾಗಿ ಹೇಳಲು ಬಾರದಿರುವುದಕ್ಕೆ ಮೂಲ ಇದೇ.

ಜೂನ್, ಜುಲೈ ಪೂರ್ತಿ ಆ ಮಕ್ಕಳಿಗೆ ಮಾತಿಗೇ ಹೆಚ್ಚು ಹೊತ್ತು ಕೊಡಿ. ಪಿಯುಸಿ ಮುಗಿಸಿ ತಾಂಡಾದಲ್ಲೇ ಇರುವ ಒಬ್ಬ ಹುಡುಗಿಯನ್ನು ದಿನಕ್ಕೆ ಒಂದೂವರೆ ತಾಸು ಕರೆಸಿ. ನೂರು, ನೂರಿಪ್ಪತ್ತು ಪದಗಳ ಚಿತ್ರಪಟ್ಟಿ ಮಾಡಿ: ಮನೆಮಂದಿ, ಊಟ, ನೀರು, ದನ, ಮೈಭಾಗ, ಶಾಲೆಯ ಸಾಮಾನು, ಜೊತೆಗೆ 'ಹೊಟ್ಟೆ ನೋಯ್ತದ', 'ಹೊರಗ ಹೋಗಬೇಕು' ಎಂಬಂಥ ಅಗತ್ಯದ ಮಾತುಗಳು. ಚಿತ್ರದ ಕೆಳಗೆ ಎರಡೂ ಭಾಷೆಯ ಪದ ಕನ್ನಡ ಲಿಪಿಯಲ್ಲೇ ಇರಲಿ. ಯಾಡಿ ಅಂದರೆ ತಾಯಿ, ಪಾಣಿ ಅಂದರೆ ನೀರು, ಬಾಟಿ ಅಂದರೆ ರೊಟ್ಟಿ ಎಂದು ಊರಿನ ಮಕ್ಕಳೂ ನಾಲ್ಕು ದಿನದಲ್ಲಿ ಕಲಿತುಬಿಡುತ್ತಾರೆ. ಅದರಿಂದ ಆಟದ ಬಯಲಿನಲ್ಲಿ ಆಗುವ ಲಾಭ ಪಾಠಕ್ಕಿಂತ ದೊಡ್ಡದು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಹಾಯಕಿ ಪಕ್ಕದಲ್ಲಿ ಕೂತು ಟೀಚರ್ ಹೇಳಿದ ಒಂದೊಂದು ವಾಕ್ಯವನ್ನೂ ತಿರುಗಿಸಿ ಹೇಳಿದರೆ ಮಗು ಕನ್ನಡ ಕೇಳುವುದನ್ನೇ ಬಿಡುತ್ತದೆ, ಹೇಗೂ ತನ್ನ ಮಾತಿನಲ್ಲಿ ಬರುತ್ತದಲ್ಲ ಎಂದು. ಹಾಗಾಗಿ ಭಾಷೆಗಳನ್ನು ಬೇರ್ಪಡಿಸಿ. ಸೋಮವಾರ ಕತೆ ಪೂರ್ತಿ ಗೋರ್ ಬೋಲಿಯಲ್ಲಿ, ಮಂಗಳವಾರ ಅದೇ ಚಿತ್ರ ಹಿಡಿದು ಅದೇ ಕತೆ ಕನ್ನಡದಲ್ಲಿ, ಬುಧವಾರ ಮಕ್ಕಳಿಂದ ಅಭಿನಯ. ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆಗಳಲ್ಲಿ ಸಹಾಯಕಿಯ ಜಾಗ ಟೀಚರ್ ನೆರವು ಬೇಕಾಗುವ ಮೊದಲೆರಡರ ಹತ್ತಿರ. ಸ್ವಕಲಿಕೆ ತಟ್ಟೆಗೆ ಆಕೆ ಬೇಡ.

ಇನ್ನೊಂದು ಮಾತು. ಆ ಭಾಷೆಯಲ್ಲಿ ಇರುವುದು ಗಂಡು, ಹೆಣ್ಣು ಎರಡೇ ಲಿಂಗ. ನಮ್ಮ ನಪುಂಸಕ ಲಿಂಗ ಅವರಿಗೆ ಹೊಸತು. 'ಬಸ್ ಬಂದ', 'ಎಮ್ಮಿ ಬಂದಳು' ಅಂದರೆ ನಗುವುದು ಬೇಡ, 'ಹೌದು, ಬಸ್ ಬಂತು' ಎಂದು ಸರಿ ರೂಪ ಕಿವಿಗೆ ಹಾಕಿ ಮುಂದೆ ಹೋಗಿ. ನಕ್ಕರೆ ಮತ್ತೆ ಎರಡು ತಿಂಗಳು ಮೌನ.

ಕ್ಲಸ್ಟರ್ ಕಡೆಯವ:

ಗುಳೆ ವಿಷಯಕ್ಕೆ ಬರುತ್ತೇನೆ. ದೀಪಾವಳಿಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಬಿಟ್ಟು ಹೋಗಿ ಎಂದರೆ ಉಪಯೋಗವಿಲ್ಲ. ಕೂಲಿಯಾಳುಗಳನ್ನು ಒಯ್ಯುವ ಮುಕದ್ದಮ ಕೊಟ್ಟ ಮುಂಗಡ ಅಷ್ಟೊತ್ತಿಗೆ ಖರ್ಚಾಗಿರುತ್ತದೆ. ಗಂಡ ಹೆಂಡತಿ ಜೋಡಿಯಾಗಿ ಕಡಿಯುವ ಒಪ್ಪಂದವಾದ್ದರಿಂದ ತಾಯಿ ಹಿಂದುಳಿಯುವ ಮಾತೇ ಇಲ್ಲ, ಕೂಸು ನೋಡಿಕೊಳ್ಳಲು ದೊಡ್ಡ ಮಗಳೂ ಹೊರಡುತ್ತಾಳೆ. ಪಟ್ಟಿ ಆಗಸ್ಟ್‌ನಲ್ಲೇ ಆಗಬೇಕು. ಪ್ರತಿ ಮನೆಗೆ ನಾಲ್ಕು ಪ್ರಶ್ನೆ: ಯಾರು ಹೋಗುತ್ತಾರೆ, ಯಾವ ಕಾರ್ಖಾನೆ ಸೀಮೆಗೆ, ಯಾವ ತಿಂಗಳು ವಾಪಸ್, ಊರಲ್ಲಿ ಉಳಿಯುವ ಹಿರಿಯರು ಯಾರು. ಈ ಪಟ್ಟಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಬೇಡಿಕೆ ಕೊಟ್ಟರೆ ಮಾತ್ರ, ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಉಳಿಸಿಕೊಂಡು ಓದಿಸುವ ಋತುಮಾನದ ವಸತಿ ಕೇಂದ್ರದ ಮಾತು ಮುಂದೆ ಹೋಗುತ್ತದೆ. ನವೆಂಬರ್‌ನಲ್ಲಿ ಕೇಳಿದರೆ ಆ ವರ್ಷ ಮುಗಿದಂತೆ.

ಜೊತೆಗೆ ಹೋಗಲೇಬೇಕಾದ ಮಕ್ಕಳಿಗೆ ಟಿಸಿ ಕೊಡಬೇಡಿ. ವಿದ್ಯಾರ್ಥಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಿಂದ ಹೆಸರು ಹೊರಗೆ ಹೋದರೆ ಮಾರ್ಚ್‌ನಲ್ಲಿ ವಾಪಸ್ ಸೇರಿಸುವುದು ತಲೆನೋವು. ಅದರ ಬದಲು ಒಂದು ಹಾಳೆಯ ಪತ್ರ: ಹೆಸರು, ತರಗತಿ, ವಿದ್ಯಾರ್ಥಿ ಸಂಖ್ಯೆ, ನಲಿ-ಕಲಿಯ ಕಲಿಕಾ ಏಣಿಯಲ್ಲಿ ಯಾವ ಮೆಟ್ಟಿಲಲ್ಲಿದ್ದಾನೆ, ಸೆಪ್ಟೆಂಬರ್ ಪರೀಕ್ಷೆಯ ಫಲಿತಾಂಶ, ಮುಖ್ಯ ಗುರುಗಳ ಸಹಿ, ಮೊಹರು, ಫೋನ್. ಮಹಾರಾಷ್ಟ್ರಕ್ಕೆ ಹೋಗುವವರಿದ್ದರೆ ಹಿಂಬದಿಯಲ್ಲಿ ಮರಾಠಿಯಲ್ಲೂ ಬರೆಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು, 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಅದನ್ನೂ ಅದೇ ಹಾಳೆಯಲ್ಲಿ ಬರೆದುಬಿಡಿ, ಅಲ್ಲಿನ ಮುಖ್ಯೋಪಾಧ್ಯಾಯರ ಮುಂದೆ ವಾದ ಮಾಡುವ ಕಷ್ಟ ತಾಯಿಗೆ ತಪ್ಪುತ್ತದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಗ್ಯಾಂಗ್ ಆ ಸೀಮೆಗೆ ಹೋಗುತ್ತದಾದರೆ ಮೊದಲೇ ವಿಚಾರಿಸಿಡಿ.

ಕೊನೆಯದಾಗಿ ಹಾಜರಿ. ಸಂಖ್ಯೆ ಕುಸಿದರೆ ಹುದ್ದೆ ಹೋದೀತೆಂಬ ಭಯದಲ್ಲಿ ಗುಳೆ ಹೋದ ಮಗುವಿಗೂ ಹಾಜರಿ ಹಾಕುವ ರೂಢಿ ಅಲ್ಲಲ್ಲಿ ಇದೆ. ಕಾಗದದಲ್ಲಿ ಶಾಲೆ ಬಿಡದ ಮಗುವಿಗೆ ಮರಳಿದ ಮೇಲೆ ವಿಶೇಷ ತರಬೇತಿ ಕೇಳಲು ಆಧಾರವೇ ಇರುವುದಿಲ್ಲ. ಎಸ್‌ಡಿಎಂಸಿಯವರು ತಿಂಗಳಿಗೊಮ್ಮೆ ಹಾಜರಿ ಪುಸ್ತಕವನ್ನೂ ಬಿಸಿಯೂಟದ ಲೆಕ್ಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ತಾಂಡಾದಂವ:

ಮ್ಯಾಲಿನ ಇಬ್ರೂ ಖರೇ ಹೇಳ್ಯಾರ. ಆದ್ರ ತಾಂಡಾದವರನ್ನ ಸಭಾಕ್ಕ ಹ್ಯಾಂಗ ಕರೀತೀರಿ ಅನ್ನೋದರ ಮ್ಯಾಲೆ ಎಲ್ಲಾ ಅದ. ಮುಂಜಾನೆ 11ಕ್ಕ ಶಾಲಿಯೊಳಗ ಸಭಾ ಕರದ್ರ ಕೂಲಿ ಬಿಟ್ಟು ಯಾರ ಬರ್ತಾರ? ಸಂಜಿ ಏಳರ ಮ್ಯಾಲೆ, ತಾಂಡಾದ ಸೇವಾಲಾಲ್ ಗುಡಿ ಕಟ್ಟಿಗೆ ನೀವs ಬರ್ರಿ. ಮೊದಲು ತಾಂಡಾ ನಡಸೋ ಹಿರ್ಯಾರು ನಾಯಕ, ಕಾರಭಾರಿ, ಡಾವ್ ಮೂವರಿಗೂ ಹೇಳ್ರಿ, ಒಬ್ಬರಿಗೆ ಅಷ್ಟs ಹೇಳಿದ್ರ ಉಳಿದವರು ಬರೂದಿಲ್ಲ. ಹೆಣ್ಣಮಕ್ಕಳ ಹಿಂದ ನಿಂತು ಕೇಳ್ತಾರ, ಅವರನ್ನ ಮಾತಾಡಸ್ರಿ. ಎಸ್‌ಡಿಎಂಸಿ ಒಳಗ ಮುಕ್ಕಾಲು ಮಂದಿ ಪಾಲಕರು, ಅರ್ಧಾ ಹೆಣ್ಣಮಕ್ಕಳು ಇರಬೇಕು, ಹಿಂದುಳಿದವರಿಗೆ ಅವರ ಪ್ರಮಾಣಕ್ಕ ತಕ್ಕ ಜಾಗಾ ಕೊಡಬೇಕು ಅಂತ ಅದs ಶಿಕ್ಷಣ ಹಕ್ಕು ಕಾಯ್ದೆದ 21ನೇ ಸೆಕ್ಷನ್ ಹೇಳ್ತದ. ಮೂರನೇ ಒಂದು ಪಾಲು ಮಕ್ಕಳಿದ್ದಲ್ಲಿ ಒಬ್ಬ ಸದಸ್ಯ ಸಾಲೂದಿಲ್ಲ.

ಸಂಸ್ಕೃತಿ ಅಂದ ಕೂಡ್ಲೆ ಹುಡುಗ್ಯಾರಿಗೆ ಫೇಟಿಯಾ ಲಂಗಾ ತೊಡಿಸಿ ಕುಣಸೂದು ಸಾಕು ಮಾಡ್ರಿ. ಅದರಿಂದ ಅವರು ನೋಡೋ ಸಾಮಾನು ಆಗ್ತಾರ ಅಷ್ಟ. ಶ್ರಾವಣದಾಗ ತೀಜ್ ಬರ್ತದ, ಮದುವಿ ಆಗದ ಹುಡುಗ್ಯಾರು ಬುಟ್ಟಿಯೊಳಗ ಗೋದಿ ಬಿತ್ತಿ ದಿನಾ ನೀರು ಹಾಕಿ ಬೆಳಸ್ತಾರ. ಬೀಜ ಮೊಳೆಯೋ ಪಾಠಾ ಆಗ ಇಟ್ಕೊಳ್ರಿ, ತಾಂಡಾದ ಹುಡುಗೀನs ಇಡೀ ಕ್ಲಾಸಿಗೆ ಹೇಳಿಕೊಡ್ಲಿ. ಕಸೂತಿಯೊಳಗ ಚೌಕ, ತ್ರಿಕೋನ, ಸಮಮಿತಿ ಎಲ್ಲಾ ಅದಾವ, ಗಣಿತಕ್ಕ ಅಜ್ಜೀನ್ನ ಕರೀರಿ. ಜಾತಿ ಹೆಸರು ಹಿಡದು 'ಏ ಲಂಬಾಣಿ' ಅಂತ ಕರಿಯೋದು ಮಾಸ್ತರ ಬಾಯಿಂದ ಮೊದಲು ನಿಲ್ಲಬೇಕು. ಹುಡುಗರು ಅಲ್ಲಿಂದs ಕಲೀತಾರ.

ಅಜ್ಜಿ ಹತ್ರ ಉಳಿಯೋ ಮಕ್ಕಳ ರೇಷನ್ ನೋಡ್ರಿ. ಅಜ್ಜಿ ಹೆಸರು ಬ್ಯಾರೆ ಕಾರ್ಡಿನ್ಯಾಗಿದ್ರ ಮಗೂನ ಪಾಲಿನ ಅಕ್ಕಿಗೆ ಆಕಿ ಹೆಬ್ಬೆಟ್ಟು ನಡಿಯೂದಿಲ್ಲ. ಮಧ್ಯಾಹ್ನ ಶಾಲಿಯೊಳಗ ಊಟಾ ಸಿಗ್ತದ, ರಾತ್ರಿದ್ದು ಏನು? ಭಾಳ ಮಕ್ಕಳು ನಡುವs ಅಪ್ಪ ಅವ್ವನ ಕಡೆ ಓಡಿ ಹೋಗೂದು ಇದಕ್ಕ, ಓದಿನ ಬ್ಯಾಸರಕ್ಕಲ್ಲ.

ಹಳ್ಳಿಶಾಲೆ:

ಆಗಸ್ಟ್ ಪಟ್ಟಿಯ ವಿಚಾರ ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ಸಂದೇಹ. ಸಹಾಯಕಿಗೆ ಗೌರವಧನ ಎಲ್ಲಿಂದ? ಊರಿನ ಕೆಲವು ಪಾಲಕರು 'ಕನ್ನಡ ಶಾಲೆಯಲ್ಲಿ ಅವರ ಮಾತು ಯಾಕೆ, ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ' ಅಂದರೆ?

ಕ್ಲಸ್ಟರ್ ಕಡೆಯವ:

ಸಮಗ್ರ ಶಿಕ್ಷಣದ ಶಾಲಾ ಅನುದಾನ ದುರಸ್ತಿ, ವಿದ್ಯುತ್, ಸಾಮಗ್ರಿ, ಸ್ವಚ್ಛತೆಗೆ. ಅದರಿಂದ ಗೌರವಧನ ಕೊಟ್ಟರೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೀರಿ. ಚಿತ್ರಪಟ್ಟಿ, ಕಾರ್ಡ್, ಬಣ್ಣ ಅದರಲ್ಲಿ ಆಗುತ್ತದೆ. ಗೌರವಧನಕ್ಕೆ ದಾನಿಗಳು, ಹಳೆಯ ವಿದ್ಯಾರ್ಥಿಗಳು, ಇಲ್ಲವೇ ಮಕ್ಕಳ ಗ್ರಾಮಸಭೆಯಲ್ಲಿ ವಿಷಯ ಎತ್ತಿ ಪಂಚಾಯಿತಿಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳ ಹಣ ಕೈಯಲ್ಲಿದ್ದರೆ ಮಾತ್ರ ಶುರು ಮಾಡಿ. ಎರಡನೇ ತಿಂಗಳಿಗೇ ಹುಡುಗಿ ಬರುವುದು ನಿಂತರೆ ಮಕ್ಕಳು ಮೊದಲಿಗಿಂತ ಕೆಡುತ್ತಾರೆ.

ನಲಿಕಲಿ ಟೀಚರ್:

ಪಾಲಕರಿಗೆ ವಾದ ಬೇಡ. ತರಗತಿಗೆ ಒಮ್ಮೆ ಕರೆದು ಕೂರಿಸಿ. ಅರ್ಧ ಮಕ್ಕಳಿಗೆ ಸೂಚನೆ ತಿಳಿಯದೆ ಟೀಚರ್ ಒಂದನ್ನೇ ನಾಲ್ಕು ಸಲ ಹೇಳುತ್ತಿದ್ದರೆ ಹಾಳಾಗುವುದು ಎಲ್ಲರ ಹೊತ್ತು ಎಂದು ಅವರಿಗೇ ಕಾಣುತ್ತದೆ.

ಮರಳಿ ಬರುವವರ ಬಗ್ಗೆ ಒಂದು ಸೇರಿಸುತ್ತೇನೆ. ಒಂದರಿಂದ ಮೂರರವರೆಗೆ ಏಣಿ ಇರುವುದರಿಂದ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಿಸಬಹುದು, ಮಗು ಎಲ್ಲಿಗೆ ನಿಂತಿತ್ತೆಂದು ತೋರಿಸುವ ಪ್ರಗತಿ ನೋಟ ತಿದ್ದದೆ ಇಟ್ಟಿರಿ. ನಾಲ್ಕನೇ ತರಗತಿಯಿಂದ ಪುಸ್ತಕ ಮುಂದೆ ಓಡಿರುತ್ತದೆ, ಪೆಟ್ಟು ಬೀಳುವುದು ಅಲ್ಲೇ. ಎಲ್ಲ ವಿಷಯ ತುಂಬಿಸಲು ಹೋಗಬೇಡಿ. ಓದು, ಭಾಗಾಕಾರ, ಭಿನ್ನರಾಶಿ ಮೂರನ್ನೇ ಹಿಡಿಯಿರಿ, ದಿನಕ್ಕೆ ಒಂದು ತಾಸು, ಶಾಲೆಯ ವೇಳೆಯೊಳಗೇ. ಸಂಜೆ ತರಗತಿ ಇಟ್ಟರೆ ತಾಂಡಾ ದೂರ ಎಂದು ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಅವರಿಗೇ ಅದು ಹೆಚ್ಚು ಬೇಕಾಗಿರುವುದು.