ನಾಲ್ಕೂವರೆ ವರ್ಷದ ಮಗು ಕಾಫಿಗೆ ‘ತಾಫಿ’ ಅಂದರೆ

ಸಿಂಧು ಅವರೇ, ಮಗುವಿನ ಉಚ್ಚಾರಣೆ ಸರಿ ಇಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಇಲ್ಲಿ ಫ್ರಾನ್ಸಿನ ಶಾಲೆಯ ಟೀಚರ್ ಹೇಳಿದರು ಎಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಉಚ್ಚಾರಣೆಯ ತೊಂದರೆ ಬರುವುದಿಲ್ಲ. ಕನ್ನಡ ಬಿಟ್ಟರೆ ಅದು ಹೋಗುವುದೂ ಇಲ್ಲ, ಅಜ್ಜಿ ಜೊತೆ ಫೋನಿನಲ್ಲಿ ಮಾತು ನಿಲ್ಲುತ್ತದೆ ಅಷ್ಟೇ.

ಮೊದಲು ಯಾವ ಶಬ್ದ ತಪ್ಪುತ್ತಿದೆ ನೋಡಿ. ಫ್ರೆಂಚಿನಲ್ಲಿ ಬೆಕ್ಕಿಗೆ ‘ಶಾ’ ಅನ್ನುವ ಬದಲು ‘ಸಾ’ ಅಂದರೆ ಈ ವಯಸ್ಸಿಗೆ ಅಷ್ಟೊಂದು ಗಾಬರಿ ಬೇಡ. ಫ್ರೆಂಚಿನ ‘ಶ’ ತಡವಾಗಿ ಬರುತ್ತದೆ, ಅಪ್ಪಟ ಫ್ರೆಂಚ್ ಮನೆಯ ಮಕ್ಕಳೂ ಹಾಗೇ ಅನ್ನುತ್ತಾರೆ. ಆದರೆ ‘ಕ’ ಇರಬೇಕಾದ ಕಡೆಯೆಲ್ಲ ‘ತ’ ಬಂದರೆ ಬೇರೆ ವಿಷಯ. ಶಾಲೆಯಲ್ಲಿ ಕಫೆ (ಫ್ರೆಂಚಿನ ಕಾಫಿ) ‘ತಫೆ’ ಆಗಿ, ಮನೆಯಲ್ಲೂ ಕಾಫಿ ‘ತಾಫಿ’, ಅಕ್ಕ ‘ಅತ್ತ’ ಆದರೆ ತೋರಿಸಲೇಬೇಕು. ನಿಜವಾದ ತೊಂದರೆ ಸಾಮಾನ್ಯವಾಗಿ ಎರಡೂ ಭಾಷೆಯಲ್ಲಿ ಕಾಣುತ್ತದೆ. ರೊಟ್ಟಿಯ ‘ರ’ ಗಂಟಲಿಂದ ಬಂದರೆ ಅದು ದೋಷ ಅಲ್ಲ, ಫ್ರೆಂಚ್ ರೂಢಿ. ಹಾಗೇ ‘ಶಾಲೆ’ ಅನ್ನಿಸಿ ಪರೀಕ್ಷೆ ಮಾಡಬೇಡಿ, ನಿಮ್ಮದು ಧಾರವಾಡದ ಕಡೆ ಮನೆಯಾದರೆ ಅಜ್ಜಿಯೇ ‘ಸಾಲಿ’ ಅನ್ನುತ್ತಾರೆ ಅಲ್ವಾ!

ಫ್ರಾನ್ಸಿನಲ್ಲಿ ಇದನ್ನು ನೋಡುವವರು ಆರ್ಥೊಫೊನಿಸ್ಟ್, ಅಂದರೆ ಮಾತಿನ ಚಿಕಿತ್ಸಕರು. ಡಾಕ್ಟರ್ ಹತ್ತಿರ ‘ಬಿಲಾಂ’ಗೆ (ಮಾತಿನ ಮೊದಲ ಪರೀಕ್ಷೆಗೆ) ಚೀಟಿ ಬರೆಸಿಕೊಳ್ಳಿ, ಜೊತೆಗೆ ಕಿವಿ ಪರೀಕ್ಷೆಯನ್ನೂ ಮಾಡಿಸಿ. ನೆಗಡಿ ಮೇಲೆ ನೆಗಡಿ ಆಗಿ ಕಿವಿಯೊಳಗೆ ನೀರು ಕಟ್ಟಿಕೊಂಡ ಮಗುವಿಗೆ ಅರ್ಧಂಬರ್ಧ ಕೇಳಿಸುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಖರ್ಚಿನಲ್ಲಿ ಶೇ. 60 ಸರ್ಕಾರಿ ವಿಮೆ ಕೊಡುತ್ತದೆ, ಉಳಿದದ್ದು ಸಾಮಾನ್ಯವಾಗಿ ಮ್ಯುಟ್ಯುಯೆಲ್ ಅನ್ನುವ ಪೂರಕ ವಿಮೆಯಿಂದ ಬರುತ್ತದೆ. ತಲೆನೋವು ಇರುವುದು ದುಡ್ಡಿನದಲ್ಲ, ಸರದಿಯದು. ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಮಗು ತಾನಾಗೇ ಸರಿ ಹೋಗಲಿ ಅಂತ ಸುಮ್ನೆ ಕೂರದೆ ಇವತ್ತೇ ನಾಲ್ಕೈದು ಕಡೆ ಹೆಸರು ಬರೆಸಿ, ಬೇಡವಾದರೆ ಆಮೇಲೆ ತೆಗೆಸಬಹುದು.

ಆರ್ಥೊಫೊನಿಸ್ಟ್‌ಗೆ ಕನ್ನಡ ಬರುವುದಿಲ್ಲ, ಆ ಭಾಗ ನಿಮ್ಮ ಕೆಲಸ. ಮಗು ಆಟ ಆಡುತ್ತಾ ಕನ್ನಡದಲ್ಲಿ ಹರಟುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಪದ ಏನು, ಮಗು ಅಂದದ್ದು ಹೇಗೆ, ಅರ್ಥ ಏನು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ರಜೆಗೆ ಊರಿಗೆ ಹೋಗುವುದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಬಹುದು, ವರದಿ ಇಲ್ಲಿಗೆ ತನ್ನಿ.

ಅಲ್ಲಿಯವರೆಗೆ ‘ತಾಫಿ ಅಲ್ಲ, ಕಾಫಿ ಅನ್ನು’ ಅಂತ ಮತ್ತೆ ಮತ್ತೆ ಹೇಳಿಸಬೇಡಿ, ಮಗು ಬಾಯಿ ಬಿಡುವುದೇ ಕಡಿಮೆ ಮಾಡುತ್ತದೆ. ‘ಹೂಂ, ಕಾಫಿ ಬಿಸಿ ಇದೆ’ ಅಂತ ನೀವು ಸರಿಯಾಗಿ ಅಂದು ಮಾತು ಮುಂದುವರಿಸಿ. ಟುಲೂಸ್ ಕಡೆ ಇದ್ದರೆ ಮೆಸೇಜ್ ಮಾಡಿ, ಸರದಿ ಬೇಗ ಸಿಗುವ ಜಾಗ ಗೊತ್ತಿದ್ದರೆ ಹೇಳುತ್ತೇನೆ.