ಸಹಾಯ ಬೇಕು: ಬಾಯಿಬಿಟ್ಟ ಪಿಟೀಲು, ಕೂಡದ ಶ್ರುತಿ

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಶಿರ್ವದ ಸಮೀಪದ ನಮ್ಮ ಹಳ್ಳಿಯಲ್ಲಿ ಸೆಪ್ಟೆಂಬರ್ 8ರ, ಕ್ರೈಸ್ತರ ತೆನೆ ಹಬ್ಬದ ಸಂಜೆ ಚರ್ಚಿನ ಗಾಯನ ತಂಡದವರೂ ಭಜನಾ ಮಂಡಳಿಯವರೂ ಒಂದೇ ವೇದಿಕೆಯಲ್ಲಿ ಹಾಡುವುದೆಂದು ಒಪ್ಪಿದ್ದೇವೆ. ಒಪ್ಪುವುದು ಸುಲಭವಾಗಿತ್ತು, ಶ್ರುತಿ ಕೂಡಿಸುವುದರಲ್ಲಿ ಸುಸ್ತಾಗಿದ್ದೇವೆ.

ಪಿಟೀಲುಗಳು ನಾಲ್ಕಿವೆ. ಚರ್ಚಿನ ಎರಡರ ತಂತಿಗಳು ಪಾಶ್ಚಾತ್ಯ ಶ್ರುತಿಯಲ್ಲಿ, ಜಿ, ಡಿ, ಎ, ಇ. ನಮ್ಮ ಭಜನಾ ಮಂಡಳಿಯ ಎರಡು ಸ-ಪ-ಸ-ಪ. ನಮ್ಮವರು ಶ್ರುತಿ ಏರಿಸಲು ಹೋಗಿ ಆಗಲೇ ಎರಡು ತಂತಿ ಕಡಿದುಕೊಂಡಿದ್ದಾರೆ. ಅವರು ಹಾಡುವುದು ನಾಲ್ಕು ಧ್ವನಿಗಳಲ್ಲಿ, ನಾವು ಒಂದೇ ಧಾಟಿಯಲ್ಲಿ. ಒಂದು ಕೀರ್ತನೆಗೆ, ರಾಗ ಕೆಡದಂತೆ, ಆಲ್ಟೊ, ಟೆನರ್, ಬೇಸ್ (ಮುಖ್ಯ ಧಾಟಿಯ ಕೆಳಗಿನ ಮೂರು ಧ್ವನಿಗಳ) ಸಾಲುಗಳನ್ನು ಬರೆದುಕೊಡಬಲ್ಲವರು ಉಡುಪಿ, ಮಂಗಳೂರಿನ ಕಡೆ ಯಾರಾದರೂ ಇದ್ದೀರಾ? ಸ್ವರಲಿಪಿ ಕನ್ನಡದಲ್ಲಿದ್ದರೆ ನಮ್ಮ ಅಜ್ಜಂದಿರಿಗೂ ಅನುಕೂಲ.

ಇನ್ನೊಂದು ಫಜೀತಿ. ಮಳೆಗಾಲದ ತೇವಕ್ಕೆ ಒಂದು ಪಿಟೀಲಿನ ಅಂಟು ಬಿಟ್ಟು, ಸೊಂಟದ ಬಳಿ ಉಗುರು ತೂರುವಷ್ಟು ಸಂದು ಬಿದ್ದಿದೆ. ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುತ್ತಲೇ ಇಲ್ಲ. ಫೆವಿಕಾಲ್ ಹಚ್ಚಲು ಹೊರಟವರನ್ನು ಹೇಗೋ ತಡೆದಿದ್ದೇನೆ. ಸರಿಪಡಿಸುವವರು ಗೊತ್ತಿದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ. ಎರಡು ದಿನಕ್ಕೆ ಒಂದು ಚೆಲ್ಲೊ (ಪಿಟೀಲಿನ ಜಾತಿಯ, ತಗ್ಗು ದನಿಯ ದೊಡ್ಡ ವಾದ್ಯ) ಬಾಡಿಗೆಗೆ ಸಿಕ್ಕರೆ ಇನ್ನೂ ಸಂತೋಷ.

ಅಭ್ಯಾಸ ಪ್ರತಿ ಭಾನುವಾರ, ಚರ್ಚಿನ ಬಲಿಪೂಜೆ ಮುಗಿದ ಮೇಲೆ, ಶಾಲೆಯ ಜಗಲಿಯಲ್ಲಿ. ಬಂದವರಿಗೆ ಪತ್ರೊಡೆ ಖಂಡಿತ.