1998ರ ಜಿಪ್ಸಿ ತಗೊಂಡಿದ್ದೇನೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಕಳಸದ_ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಳಸದ ಹತ್ತಿರ ಒಂದು ಸಣ್ಣ ತೋಟ. ಟಾರ್ ರೋಡಿನಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಜೂನ್ ಬಂತೆಂದರೆ ಕಾರು ಟಾರ್ ರೋಡಿನ ಹತ್ತಿರವೇ ನಿಲ್ಲಬೇಕು. ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ಹೊತ್ತುಕೊಂಡೇ ಬರಬೇಕು. ಅಪ್ಪನಿಗೆ ಮಂಡಿ ನೋವು, ಆಸ್ಪತ್ರೆಗೆ ಕರೆದುಕೊಂಡು ಹೋಗೋದೇ ದೊಡ್ಡ ಕೆಲಸ. ಅದಕ್ಕೇ ಹಾಸನದ ಕಡೆಯಿಂದ ಒಂದು ಹಳೇ ಮಾರುತಿ ಜಿಪ್ಸಿ ಕಿಂಗ್ ತಂದೆ. 1998ರ ಮಾಡೆಲ್, ಕಾರ್ಬ್ಯುರೇಟರ್ ಇಂಜಿನ್, ಟಾರ್ಪಾಲ್ ಟಾಪ್.

ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಆದರೆ 50 ದಾಟಿದ ಮೇಲೆ ಸಣ್ಣ ಗುಂಡಿ ಸಿಕ್ಕಿದರೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಅದುರುತ್ತದೆ. ಬ್ರೇಕ್ ಹಿಡಿದು ನಿಲ್ಲಿಸಿದ ಮೇಲೇ ಸುಮ್ಮನಾಗುವುದು. ಮುಂದಿನ ಎರಡೂ ಚಕ್ರದ ಒಳಗಡೆ ಎಣ್ಣೆ ಜಿಡ್ಡು. ಘಟ್ಟ ಹತ್ತುವಾಗ ಹೀಟ್ ಮುಳ್ಳು ಮೇಲೆ ಹೋಗುತ್ತದೆ. ಫೋರ್ ವೀಲ್ ಲಿವರ್ ಬೀಳುತ್ತದೆ, ಆದರೆ ಮುಂದಿನ ಚಕ್ರ ಎಳೆಯುವುದಿಲ್ಲ. ಡ್ರೈವರ್ ಕಾಲಡಿ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ.

ನನ್ನ ಪ್ಲ್ಯಾನ್: ಬಾಡಿ ಎತ್ತರಿಸಲು ಎರಡು ಇಂಚು ಲಿಫ್ಟ್, 235/75 ಟೈರ್, ಮುಂದೆ ಕಬ್ಬಿಣದ ಬಂಪರ್, ಅದರ ಮೇಲೆ ಹೂತ ಗಾಡಿ ಎಳೆಯುವ ವಿಂಚ್. ಕೈಯಲ್ಲಿರೋದು ಎರಡು ಲಕ್ಷ. ಅದುರುವುದಕ್ಕೆ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ಸಾಕು ಅಂತ ಇಲ್ಲಿಯ ಗ್ಯಾರೇಜಿನವರು ಹೇಳಿದರು. ಸರಿನಾ? ಗೊತ್ತಿರುವವರು ದಯವಿಟ್ಟು ಹೇಳಿ. ಮಳೆ ಶುರುವಾಗುವ ಮುಂಚೆ ಗಾಡಿ ರೆಡಿ ಆಗಬೇಕು.

ಘಟ್ಟದ_ಗಾಡಿ, ಸಕಲೇಶಪುರ

ಮೊದಲು ಒಂದು ಮಾತು ಮಾರಾಯ್ರೆ: ರಿಪೇರಿ ಆಗುವವರೆಗೆ ಈ ಗಾಡಿಯಲ್ಲಿ ಅಪ್ಪನನ್ನು ಕೂರಿಸಬೇಡಿ. 40ರ ಮೇಲೆ ಓಡಿಸಲೂ ಬೇಡಿ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಎಸ್ಟೇಟ್ ವರ್ಕ್‌ಶಾಪಿನಲ್ಲಿ ಜಿಪ್ಸಿ, ಜೀಪುಗಳ ಜೊತೆಗೇ ನನ್ನ ಅರ್ಧ ಆಯುಸ್ಸು ಕಳೆದಿದೆ. ನೀವು ಹೇಳುವ ಅದುರುವಿಕೆ ಎಷ್ಟು ಕೆಟ್ಟದ್ದು ಅಂತ ಚೆನ್ನಾಗಿ ಗೊತ್ತು.

ಡ್ಯಾಂಪರ್ ಈಗ ಬೇಡವೇ ಬೇಡ. ಅದು ಅದುರುವುದನ್ನು ಮುಚ್ಚಿಡುತ್ತದೆ ಅಷ್ಟೆ. ಒಳಗೆ ಸವೆಯುವುದು ಸವೆಯುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ.

ಅದುರುವುದು, ಎಣ್ಣೆ ಸೋರುವುದು ಎರಡು ಬೇರೆ ಬೇರೆ ತೊಂದರೆ ಅಂತ ಬರೆದಿದ್ದೀರಿ. ನನಗೆ ಅವು ಒಂದೇ ಅನ್ನಿಸುತ್ತದೆ. ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅದರ ಎರಡು ತುದಿಯಲ್ಲಿ ದೊಡ್ಡ ಗುಂಡು ಇದೆ, ಚಕ್ರ ಹೊತ್ತ ನಕಲ್ (ತಿರುಗುವ ಕೀಲು) ಅದರ ಮೇಲೆ ತಿರುಗುತ್ತದೆ. ತಿರುಗಲು ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್, ಎರಡೂ ಕಡೆ ಸೇರಿ ನಾಲ್ಕು. ಆಕ್ಸಲ್ ಒಳಗಿನ ಆಯಿಲ್ ಸೀಲ್ ಹೋದರೆ ಹೌಸಿಂಗಿನ ಗೇರ್ ಆಯಿಲ್ ನಕಲ್ ಒಳಗೆ ಬರುತ್ತದೆ. ಬಂದು ಅಲ್ಲಿದ್ದ ಗ್ರೀಸನ್ನು ತೊಳೆದುಕೊಂಡು ಹೊರಗೆ ಸೋರುತ್ತದೆ. ಗ್ರೀಸ್ ಇಲ್ಲದ ಬೇರಿಂಗ್ ಸವೆಯುತ್ತದೆ, ಚಕ್ರಕ್ಕೆ ಆಟ, ಅಂದರೆ ಸಡಿಲ, ಬರುತ್ತದೆ, ಆಮೇಲೆ ಅದುರುತ್ತದೆ. ಅದೇ ಎಣ್ಣೆ ಬ್ರೇಕ್ ಪ್ಯಾಡಿಗೆ ತಾಗಿದರೆ ಆ ಕಡೆಯ ಬ್ರೇಕೂ ಹೋಯಿತು.

ನೀವೇ ನೋಡಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ, ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್. ಆಮೇಲೆ ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿ. ಅಲ್ಲಿ ಆಟ ಇದ್ದರೆ ಸ್ಟೇರಿಂಗ್ ಸರಳಿನ ತುದಿಯ ಕೀಲು, ಟೈ ರಾಡ್ ಎಂಡ್ ನೋಡಬೇಕು.

ಬಿಚ್ಚಿದ ಮೇಲೆ ಎರಡೂ ಕಡೆ ಒಟ್ಟಿಗೇ ಮಾಡಿಸಿ. ನಾಲ್ಕು ಬೇರಿಂಗ್, ಒಳಗಿನ ಸೀಲ್, ಗುಂಡಿನ ಮೇಲಿನ ಫೆಲ್ಟ್ ಮತ್ತು ರಬ್ಬರ್ ಸೀಲ್ ಎಲ್ಲ ಹೊಸದು. ಗುಂಡಿನ ಮೇಲೆ ತುಕ್ಕು ತಿಂದ ಗುರುತಿದ್ದರೆ ನಯವಾದ ಎಮರಿ ಪೇಪರಿನಲ್ಲಿ ಚೆನ್ನಾಗಿ ಉಜ್ಜಿಸಿ. ಇಲ್ಲದಿದ್ದರೆ ಹೊಸ ಸೀಲನ್ನು ಅದೇ ಹರಿದು ಹಾಕುತ್ತದೆ. ಕಿಂಗ್‌ಪಿನ್ ಕೆಳಗೆ ತೆಳು ಶಿಮ್ (ಲೋಹದ ಹಾಳೆ) ಇರುತ್ತವೆ, ಬೇರಿಂಗ್ ಎಷ್ಟು ಬಿಗಿ ಕೂರಬೇಕು ಅನ್ನೋದು ಅದರಲ್ಲೇ ತೀರ್ಮಾನ ಆಗುತ್ತದೆ. ಸೀಲ್ ಕೂರಿಸುವ ಮೊದಲು ನಕಲ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿ ನೋಡಬೇಕು. ಬಹಳ ಮೆಕ್ಯಾನಿಕ್‌ಗಳು ಇದನ್ನು ಬಿಟ್ಟುಬಿಡುತ್ತಾರೆ. ಪಕ್ಕದಲ್ಲಿ ನಿಂತು ಮಾಡಿಸಿ. ಗಾಡಿ ನೆಟ್ಟಗೆ ಓಡುವುದೂ ಓಡದೇ ಇರುವುದೂ ಇಲ್ಲೇ ಇದೆ.

ಹಾಗೇ ಆಕ್ಸಲ್ ಮೇಲಿನ, ಒಳಗೆ ಗಾಳಿ ಆಡಲು ಇರುವ ಬ್ರೀದರ್ ಬಿಚ್ಚಿ ನೋಡಿ. ಅದು ಕೆಸರಲ್ಲಿ ಮುಚ್ಚಿಹೋಗಿದ್ದರೆ ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿಗೆ ದಾರಿ ಇಲ್ಲದೆ ಎಣ್ಣೆಯನ್ನು ಸೀಲಿನಿಂದ ತಳ್ಳುತ್ತದೆ. ಬಿಸಿ ಆಕ್ಸಲ್ ನಿಮ್ಮ ಹಳ್ಳದ ತಣ್ಣೀರಿಗೆ ಇಳಿದಾಗ ಉಲ್ಟಾ, ನೀರನ್ನು ಒಳಗೆ ಎಳೆಯುತ್ತದೆ. ಒಂದು ರಬ್ಬರ್ ಪೈಪ್ ಹಾಕಿ ಬ್ರೀದರನ್ನು ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಬಿಡಿ. ನಿಮ್ಮ ದಾರಿಗೆ ವಿಂಚಿಗಿಂತ ಇದು ದೊಡ್ಡ ಅಪ್‌ಗ್ರೇಡ್. ಖರ್ಚು ಏನೂ ಇಲ್ಲ. ಮಳೆಗಾಲದಲ್ಲಿ ಆಗಾಗ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ.

ಹೀಟ್ ವಿಷಯ. ಈ 1298 ಸಿಸಿ ಇಂಜಿನ್ ಪೂರ್ತಿ ಅಲ್ಯೂಮಿನಿಯಂ, ಹೆಡ್ಡೂ ಬ್ಲಾಕೂ. ಸಲೀಸಾಗಿ ತುಂಬಾ ವರ್ಷ ಓಡುತ್ತದೆ, ಆದರೆ ಜಾಸ್ತಿ ಬಿಸಿಯನ್ನು ತಾಳುವುದಿಲ್ಲ. ಜಾಸ್ತಿ ಕಾದರೆ ಹೆಡ್ ಬೆಂಡ್ ಆಗುತ್ತದೆ. ಮೊದಲು ಥರ್ಮೋಸ್ಟಾಟ್ ಇದೆಯಾ ನೋಡಿ. ಹೀಟ್ ಆಗುತ್ತೆ ಅಂದ ತಕ್ಷಣ ಅದನ್ನು ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿದೆ. ಹೊಸದು ಹಾಕಿಸಿ. ರೇಡಿಯೇಟರ್ ಬಿಚ್ಚಿ ಒಳಗೂ ಹೊರಗೂ ತೊಳೆಸಿ. ನಲ್ಲಿ ನೀರು ಬೇಡ, ಕೂಲೆಂಟ್ ಹಾಕಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಹಳೇ ಮಾಲೀಕರಿಗೆ ನೆನಪಿಲ್ಲದಿದ್ದರೆ ಬದಲಿಸಿಯೇ ಇಲ್ಲ ಅಂತ ತಿಳಿದುಕೊಂಡು ಬದಲಿಸಿ.

ಫೋರ್ ವೀಲ್‌ಗೆ ಮೊದಲು ಗಾಡಿ ಕೆಳಗೆ ಮಲಗಿ ನೋಡಿ. ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ, ಪ್ರೊಪೆಲ್ಲರ್ ಶಾಫ್ಟ್ ಇದೆಯಾ? ಪೆಟ್ರೋಲ್ ಉಳಿಯುತ್ತದೆ ಅಂತ ಕೆಲವರು ಅದನ್ನೇ ಬಿಚ್ಚಿಡುತ್ತಾರೆ. ಶಾಫ್ಟ್ ಇದ್ದರೆ, ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಇರುವ ಗಾಡಿಯಾದರೆ ಅದು ಲಾಕ್ ಆಗುತ್ತಿದೆಯಾ ನೋಡಿ.

ಈಗ ಲಿಫ್ಟು, ಟೈರು. ಲಿಫ್ಟ್ ಮಾಡಿದರೆ ಬಾಡಿ ಎತ್ತರ ಆಗುತ್ತದೆ, ಆಕ್ಸಲ್ ಮೇಲಿನ ಗೇರ್ ಡಬ್ಬಿ, ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ. ಕಲ್ಲಿಗೆ ತಾಗುವುದು ಡಿಫರೆನ್ಷಿಯಲ್ ಅಲ್ವಾ? ಅದನ್ನು ಎತ್ತರಿಸುವುದು ಟೈರ್ ಮಾತ್ರ. ಲಿಫ್ಟ್ ಆದರೆ ಪ್ರೊಪೆಲ್ಲರ್ ಶಾಫ್ಟ್ ಕೋನ ಬದಲಾಗುತ್ತದೆ, ಬ್ರೇಕ್ ಪೈಪ್ ಗಿಡ್ಡ ಆಗುತ್ತದೆ. ಕಂಪನಿ ಟೈರ್ 205/70 ಆರ್15, ಎತ್ತರ ಸುಮಾರು 668 ಮಿಲಿಮೀಟರ್. 215/75 ಹಾಕಿದರೆ 703 ಆಗುತ್ತದೆ. ಡಿಫರೆನ್ಷಿಯಲ್ ಹದಿನೇಳು ಮಿಲಿಮೀಟರ್ ಮೇಲೇರುತ್ತದೆ. ಮೀಟರ್ 60 ತೋರಿಸುವಾಗ ನೀವು 63ರಲ್ಲಿ ಇರುತ್ತೀರಿ, ಅಷ್ಟೇ ವ್ಯತ್ಯಾಸ. 235/75 ಅಂದರೆ 733. ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ದೊಡ್ಡದು. 60 ಹಾರ್ಸ್‌ಪವರ್ ಇಂಜಿನ್ ಅದನ್ನು ತಿರುಗಿಸಲು ಒದ್ದಾಡುತ್ತದೆ, ಬ್ರೇಕಿಗೂ ಭಾರ, ಗೇರೂ ಎತ್ತರ ಆದ ಹಾಗೆ. ಫೋರ್ ವೀಲಿನ ಲೋ ಗೇರಿನ 2.268 ಅನುಪಾತ ನಿಮ್ಮ ಹಳ್ಳದ ಏರಿಗೆ ಸಾಕಾಗುವಂಥದ್ದು, ಅದನ್ನು ಸುಮ್ನೆ ಹಾಳುಮಾಡಬೇಡಿ. 215/75 ಆಲ್ ಟೆರೇನ್ ಟೈರ್ ನಾಲ್ಕು, ಜೊತೆಗೆ ಸ್ಪ್ರಿಂಗ್ ಪಟ್ಟಿ ತೂಗುವ ಶ್ಯಾಕಲ್‌ಗೆ ಹೊಸ ಬುಷ್. ನಿಮ್ಮ ದಾರಿಗೆ ಇಷ್ಟೇ ಸಾಕು. ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿ, ಟಾರ್ ರೋಡಿಗೆ ಬಂದ ಮೇಲೆ ತುಂಬಿಸಿ.

ಗಾಡಿ ಹಗುರ ಇರುವುದೇ ಜಿಪ್ಸಿಯ ದೊಡ್ಡ ಗುಣ. ಒಂದು ಟನ್ನಿಗಿಂತ ಕಡಿಮೆ ತೂಕ. ಜೀಪು ಹೂತುಹೋದ ಜಾಗದಲ್ಲೂ ಇದು ಮೇಲೆಯೇ ದಾಟುತ್ತದೆ. ಮೂತಿಯ ಮೇಲೆ ಕಬ್ಬಿಣ ಹೇರಿ ಆ ಗುಣ ಕಳೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಳ್ಳೆಯ ಎಳೆಯುವ ಬೆಲ್ಟ್, ಅದನ್ನು ಸಿಕ್ಕಿಸಲು ಎರಡು ಶ್ಯಾಕಲ್ ಕೊಂಡಿ, ಒಂದು ಗುದ್ದಲಿ ಇಟ್ಟುಕೊಳ್ಳಿ. ಹೆಡ್‌ಲೈಟಿಗೆ ರಿಲೇ ಹಾಕಿ ದಪ್ಪ ವೈರ್ ಎಳೆಸಿ. ಇರುವ 60/55 ಬಲ್ಬೇ ಎಷ್ಟು ಬೆಳಕು ಕೊಡುತ್ತದೆ ನೋಡಿ.

ವೆಲ್ಡಿಂಗ್_ಶಾಪ್_ಚಿಕ್ಕಮಗಳೂರು

ಮೇಲಿನವರು ತುಕ್ಕಿನ ಬಗ್ಗೆ ಬರೆದಿಲ್ಲ, ನಾನು ಬರೆಯುತ್ತೇನೆ. ಅಪ್ಪನ ಶಾಪು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮಲೆನಾಡಿನ ಗಾಡಿಗಳಿಗೆ ನೆಲ ಹಾಕುವುದೇ ನಮ್ಮ ಕೆಲಸ.

ಫ್ಲೋರ್ ತೂತಾಗಿದ್ದರೆ ಹೊಸ ಶೀಟ್ ಹಾಕಬಹುದು, ಅದು ದೊಡ್ಡ ವಿಷಯ ಅಲ್ಲ. ಚಾಸಿಸ್ ನೋಡಿ ಮೊದಲು. ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಸದ್ದು ಸತ್ತ ಹಾಗೆ ಇರುತ್ತದೆ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಡಿ ಮೌಂಟ್ ಜಾಗ ಬಿಡಬೇಡಿ. ಚಾಸಿಸ್ ಡಬ್ಬಿ ಥರದ್ದು, ಅದರ ಕೆಳಗಿನ ತೂತುಗಳು ನೀರು ಇಳಿಯಲು ಇರುವುದು. ಅವು ಮಣ್ಣಲ್ಲಿ ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಿ. ಒಳಗಿಂದ ಕೊಳೆಯುವುದು ಅಲ್ಲಿಂದಲೇ. ವಿಂಡ್‌ಶೀಲ್ಡ್ ಫ್ರೇಮಿನ ಕೆಳಭಾಗಕ್ಕೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿರೋದು ಪುಟ್ಟಿ.

ತುಕ್ಕಿನ ಮೇಲೆ ಕಪ್ಪು ಅಂಡರ್‌ಕೋಟಿಂಗ್ ಹೊಡೆಸುವುದು ಮಾತ್ರ ಬೇಡ. ಒಳಗೆ ತೇವ ಹಿಡಿದುಕೊಂಡು ಇನ್ನೂ ಬೇಗ ತಿನ್ನುತ್ತದೆ. ಬರಿ ಲೋಹ ಕಾಣುವವರೆಗೆ ತೆಗೆದು, ಪ್ರೈಮರ್ ಹೊಡೆದು, ಆಮೇಲೆ ಉಳಿದದ್ದು. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿಸಿ. ಟ್ಯಾಂಕ್ ಹತ್ತಿರದ ಕೆಲಸ ಇದ್ದರೆ ಟ್ಯಾಂಕನ್ನೇ ಇಳಿಸಿಸಿ. ಇನ್ನೊಂದು, ಚಾಸಿಸ್ ನಂಬರ್ ಹೊಡೆದಿರುವ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಅದರ ಮೇಲೆ ಗ್ರೀಸ್ ಸವರಿ ಟೇಪ್ ಸುತ್ತಿ ಅಂತ ಕೆಲಸದವರಿಗೆ ನೀವೇ ಹೇಳಿ.

ಹಾಸನ_ಹೆದ್ದಾರಿ

ಕಾಗದದ ಬಗ್ಗೆ ಎರಡು ಮಾತು. ಗಾಡಿ ಇನ್ನೂ ಹಳೇ ಮಾಲೀಕರ ಹೆಸರಲ್ಲಿದ್ದರೆ ಫಾರ್ಮ್ 29, 30 ಸಹಿ ಮಾಡಿಸಿಕೊಂಡು ಕೂಡಲೇ ವರ್ಗ ಮಾಡಿಸಿ. ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ತಿಳಿಸಬೇಕು. 15 ವರ್ಷ ಆದ ಮೇಲೆ ಆರ್‌ಸಿ (ನೋಂದಣಿ ಪತ್ರ) ಐದೈದು ವರ್ಷಕ್ಕೆ ರಿನ್ಯೂ ಆಗುವುದು. 2025ರಲ್ಲಿ ಕೇಂದ್ರ ಶುಲ್ಕ ಏರಿಸಿದೆ, 20 ವರ್ಷ ದಾಟಿದ ಕಾರು, ಜಿಪ್ಸಿಗೆ ಹತ್ತು ಸಾವಿರ. ಬಜೆಟ್ಟಿನಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಕಬ್ಬಿಣದ ಬಂಪರ್ ಬಗ್ಗೆ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ, ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ. ಆರ್‌ಸಿಯಲ್ಲಿ ಇರುವ ಕಂಪನಿ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಬಣ್ಣ ಬದಲಿಸುವುದಾದರೂ ಆರ್‌ಸಿಯಲ್ಲಿ ನಮೂದು ಆಗಬೇಕು.

ಕಳಸದ_ಕಾಫಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಘಟ್ಟದ ಗಾಡಿ ಅಣ್ಣ, ನೀವು ಹೇಳಿದ ಹಾಗೇ ಕೆಳಗೆ ಮಲಗಿ ನೋಡಿದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಮಾರಿದವರಿಗೆ ಫೋನ್ ಮಾಡಿದರೆ, ಅವರ ಶೆಡ್ಡಿನಲ್ಲಿದೆ ಕೊಡುತ್ತೇನೆ ಅಂದರು. ಚಕ್ರ ಎತ್ತಿಯೂ ನೋಡಿದೆ. ಬ್ರೇಕ್ ಒತ್ತಿದರೂ ಎರಡೂ ಕಡೆ ಆಟ ಇದೆ. ಕಿಂಗ್‌ಪಿನ್ನೇ.

ಚಾಸಿಸ್ ತಟ್ಟಿದೆ, ಸದ್ದು ಪರವಾಗಿಲ್ಲ, ಹಿಂದೆ ಒಂದು ಕಡೆ ಮಾತ್ರ ಅನುಮಾನ. ಅದನ್ನು ಚಿಕ್ಕಮಗಳೂರಿಗೆ ತಂದು ತೋರಿಸುತ್ತೇನೆ ಅಕ್ಕ. ಲಿಫ್ಟ್, ಬಂಪರ್, ವಿಂಚ್ ಬಿಟ್ಟೆ.

ಇನ್ನೊಂದು ಪ್ರಶ್ನೆ. ಈಗ ಬಂಕಿನಲ್ಲಿ ಸಿಗೋದೆಲ್ಲ 20 ಪರ್ಸೆಂಟ್ ಎಥನಾಲ್ ಪೆಟ್ರೋಲ್. ಕಾರ್ಬ್ಯುರೇಟರ್ ಗಾಡಿಗೆ ತೊಂದರೆ ಆಗುತ್ತಾ? ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲ, ಅದಕ್ಕೆ ಕೇಳಿದೆ.

ಘಟ್ಟದ_ಗಾಡಿ, ಸಕಲೇಶಪುರ

ಶಾಫ್ಟ್ ಸಿಕ್ಕಿದ್ದು ಒಳ್ಳೆಯದಾಯಿತು. ಹಾಕುವ ಮುಂಚೆ ಅದರ ಎರಡು ತುದಿಯ ಕೀಲು, ಯುಜೆ ಕ್ರಾಸ್ ಕೈಯಲ್ಲಿ ತಿರುಗಿಸಿ ನೋಡಿ, ಬಿಗಿ ಹಿಡಿದಿದ್ದರೆ ಹೊಸದು ಹಾಕಿಸಿ. ಇಷ್ಟು ದಿನ ಸುಮ್ನೆ ಬಿದ್ದಿದ್ದು ಅದು. ಇನ್ನು ಮೇಲೆ ಒಣ ಟಾರ್ ರೋಡಿನಲ್ಲಿ ಫೋರ್ ವೀಲ್ ಹಾಕಬೇಡಿ. ಈ ಗಾಡಿಗೆ ಮುಂದಿನ ಹಿಂದಿನ ಆಕ್ಸಲ್ ನಡುವೆ ಬೇರೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದೂ ಹಿಂದೂ ಒಂದಕ್ಕೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟಾಗುತ್ತದೆ.

ಎಥನಾಲ್ ಬಗ್ಗೆ ನಿಮ್ಮ ಅನುಮಾನ ಸರಿ. ಆ ಕಾಲದ ರಬ್ಬರು ಈ ಪೆಟ್ರೋಲಿಗೆ ಮಾಡಿದ್ದಲ್ಲ. ಪೆಟ್ರೋಲ್ ಪೈಪುಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ಒಳಗಿನ ವಾಷರ್ ಹಾಳಾಗುತ್ತವೆ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ರಬ್ಬರ್ ಪೈಪೆಲ್ಲ ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ, ಇದರಲ್ಲಿ ಉಳಿತಾಯ ನೋಡಬೇಡಿ. ಇನ್ನೊಂದು ತೊಂದರೆ ನಮ್ಮ ಮಳೆಗೆ ಸಂಬಂಧಿಸಿದ್ದು. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು, ಆಮೇಲೆ ತುಕ್ಕು, ಆ ತುಕ್ಕಿನ ಪುಡಿ ಕಾರ್ಬ್ಯುರೇಟರಿನ ಸಣ್ಣ ತೂತು, ಜೆಟ್ಟಿಗೆ. ಹಾಗಾಗಿ ಟ್ಯಾಂಕ್ ಹೇಗೂ ಇಳಿಸುತ್ತೀರಲ್ಲ, ಒಳಗೆ ತೊಳೆಸಿ, ಹೊಸ ಫಿಲ್ಟರ್ ಹಾಕಿ, ಆಮೇಲೆ ಕಾರ್ಬ್ಯುರೇಟರ್ ಕಿಟ್. ಟ್ಯಾಂಕ್ ತೊಳೆಯದೆ ಕಾರ್ಬ್ಯುರೇಟರ್ ಮಾತ್ರ ಮಾಡಿಸಿದರೆ ತಿಂಗಳಲ್ಲಿ ಮತ್ತೆ ಅದೇ ಕಥೆ. ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿಸಿ ಇಡಿ, ವಾರಕ್ಕೊಮ್ಮೆಯಾದರೂ ಓಡಿಸಿ.

ಕಿಂಗ್‌ಪಿನ್ ಬೇರಿಂಗಿಗೆ ಹೋಗುವಾಗ ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದರ ಮೇಲಿನ ನಂಬರ್ ನೋಡಿ ಒಳ್ಳೆಯ ಕಂಪನಿಯದ್ದೇ ಕೇಳಿ. ಕಳಸ, ಮೂಡಿಗೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ನೋಡಿ. 2019ರಲ್ಲಿ ಮಾರಾಟ ನಿಂತರೂ ಸೇನೆಯಲ್ಲಿ ಜಿಪ್ಸಿ ಇನ್ನೂ ಓಡುತ್ತಿವೆ, ಸಾಮಾನಿಗೆ ಅಷ್ಟು ಬರ ಬಂದಿಲ್ಲ. ನಕಲ್ ಬಿಚ್ಚುವ ದಿನ ಮೊದಲೇ ಹೇಳಿ. ಭಾನುವಾರವಾದರೆ ನಾನೇ ಆ ಕಡೆ ಬರುತ್ತೇನೆ, ಶಿಮ್ ಕೂರಿಸುವಾಗ ಒಟ್ಟಿಗೆ ನೋಡೋಣ.